ಇಇಜಿ ಗೆರೆ ನೋಡಿ ಬುದ್ಧಿ ಅಳೆಯಲು ಆಗದು

ವಿಜಯಪುರ, ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಫಿಟ್ಸ್ ಬರುವ ಮಗುವಿನ ಇಇಜಿಯಲ್ಲಿ ಅಲೆ ಕೆಟ್ಟಿದ್ದರೆ ಬುದ್ಧಿ ಬೆಳೆಯುವುದಿಲ್ಲ. ಸುಮ್ನೆ ಸಾಲಿಗೆ (ಶಾಲೆಗೆ) ಕಳಿಸಬೇಡಿ." ಇದು ತಪ್ಪು.

ಇಇಜಿ ಬುದ್ಧಿ ಅಳೆಯುವ ಯಂತ್ರವಲ್ಲ. ತಲೆಯ ಮೇಲೆ ಅಂಟಿಸಿದ ಪುಟ್ಟ ಬಿಲ್ಲೆಗಳು ಮಿದುಳಿನ ವಿದ್ಯುತ್ ಏರಿಳಿತವನ್ನು ದಾಖಲಿಸುತ್ತವೆ, ಅಷ್ಟೇ. ಕರೆಂಟ್ ಕೊಡುವುದಿಲ್ಲ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿ ಮನುಷ್ಯರಲ್ಲಿ ಇದನ್ನು ದಾಖಲಿಸಿದರು. ಫಿಟ್ಸ್ ಇರುವವರ ವರದಿಯೂ ಎಷ್ಟೋ ಸಲ ನಾರ್ಮಲ್ ಬರುತ್ತದೆ.

ಹಾಗಂತ ಅಲೆಗೂ ಕಲಿಕೆಗೂ ಸಂಬಂಧವೇ ಇಲ್ಲ ಅಂತಲ್ಲ. ಆಬ್ಸೆನ್ಸ್ ಎಂಬ ಬಗೆಯ ಫಿಟ್ಸ್‌ನಲ್ಲಿ ಮಗು ಬೀಳುವುದಿಲ್ಲ. ಕೆಲವು ಸೆಕೆಂಡು ಶೂನ್ಯ ನೋಡುತ್ತಾ ಕೂತಿರುತ್ತದೆ. ಆಗ ಇಇಜಿಯಲ್ಲಿ ಸೆಕೆಂಡಿಗೆ ಸುಮಾರು 3ರಂತೆ ಚೂಪು ಅಲೆಗಳು ಕಾಣುತ್ತವೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠ ಅಲ್ಲಲ್ಲಿ ತಪ್ಪಿಹೋಗುತ್ತದೆ. ಲಕ್ಷ್ಯ ಇಲ್ಲ ಅಂತ ಪಾಪ, ಮಗು ಬೈಸಿಕೊಳ್ಳುತ್ತದೆ. ಸರಿಯಾದ ಔಷಧ ಸಿಕ್ಕರೆ ಹೆಚ್ಚಿನ ಮಕ್ಕಳಲ್ಲಿ ಇದು ಹತೋಟಿಗೆ ಬರುತ್ತದೆ. ಇದು ಎಲ್ಲ ತಂದೆ-ತಾಯಿಗೂ ಗೊತ್ತಿರಬೇಕಾದ ವಿಷಯ.

ಲೆನಾಕ್ಸ್-ಗ್ಯಾಸ್ಟೋ ಎಂಬಂಥ ಫಿಟ್ಸ್‌ನ ತೀವ್ರ ಬಗೆಗಳಲ್ಲಿ ಬುದ್ಧಿಯ ಬೆಳವಣಿಗೆ ಹಿಂದೆ ಬೀಳುವುದುಂಟು. ಅವು ಅಪರೂಪ. ಫಿಟ್ಸ್ ಇರುವ ಬಹಳ ಜನರ ಬುದ್ಧಿ ಎಲ್ಲರಂತೆಯೇ ಇರುತ್ತದೆ. ನೆನಪು ಮಂದವಾದರೆ ಪದೇ ಪದೇ ಬರುವ ಫಿಟ್ಸ್, ನಿದ್ದೆಗೇಡು, ಖಿನ್ನತೆ, ಕೆಲವು ಮಾತ್ರೆಗಳೂ ಕಾರಣವಾಗಬಹುದು. ಆದರೆ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಜೋರಾಗಿ ಮರಳಬಹುದು. ನರರೋಗ ತಜ್ಞರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸುವ ಬಗ್ಗೆ ಅವರು ನೋಡುತ್ತಾರೆ. ಮಗು ಶಾಲೆಗೆ ಹೋಗಲಿ. ಶಿಕ್ಷಕರಿಗೂ ವಿಷಯ ತಿಳಿಸಿ, ತಪ್ಪಿದ ಪಾಠ ಮತ್ತೊಮ್ಮೆ ಹೇಳಿಕೊಡಲು ಕೇಳಿ.