ಏಳೂ ಸರಿ, ಎಂಟೂ ಸರಿ

2, 3, 5. ಮುಂದೆ ಯಾವ ಸಂಖ್ಯೆ?

ಎಂಟು ಅಂದಿರಾ? ಸರಿ. ಮೊದಲು ಒಂದು ಕೂಡಿಸಿ, ಆಮೇಲೆ ಎರಡು, ಆಮೇಲೆ ಮೂರು. ಏಳು ಅಂದಿರಾ? ಅದೂ ಸರಿ. 2, 3, 5, 7 ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ನನ್ನ ತಂಗಿಯ ಮಗಳು ಯು.ಎಸ್.ಎಸ್. (ಕೇರಳದಲ್ಲಿ ಏಳನೇ ಕ್ಲಾಸಿನವರ ಸ್ಕಾಲರ್‌ಶಿಪ್) ಪರೀಕ್ಷೆಗೆ ಓದುವ ಗೈಡ್‌ನಲ್ಲಿ ಈ ಪ್ರಶ್ನೆ ಉಂಟು. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಏಳೂ ಉಂಟು, ಎಂಟೂ ಉಂಟು. ಕೊನೆಯ ಪುಟದಲ್ಲಿ ಉತ್ತರ ಮಾತ್ರ ಎಂಟು. ಅವಳು ಏಳು ಬರೆದಳು, ಕೆಂಪು ಗೀಟು ಬಿತ್ತು. "ಎಂತಕ್ಕೆ ತಪ್ಪು?" ಅಂತ ಕೇಳಿದ್ದಕ್ಕೆ ಟೀಚರ್ "ಗೈಡ್‌ನಲ್ಲಿ ಹಾಗೆ ಉಂಟಲ್ಲ" ಅಂದರಂತೆ.

ನಾನು ಗಣಿತದ ಟೀಚರ್ ಅಲ್ಲ. ಸಹಕಾರಿ ಬ್ಯಾಂಕಿನಲ್ಲಿ ಕೂಡಿಸುವ, ಕಳೆಯುವ ಕೆಲಸ. ಆದರೂ ಸಂಖ್ಯೆಯ ಒಗಟು ಕಂಡರೆ ಬಿಡುವವಳಲ್ಲ. ಅದಕ್ಕೇ ಇಷ್ಟು ಸಿಟ್ಟು. ಇಂಥ ಪ್ರಶ್ನೆಯಲ್ಲಿ ಉತ್ತರಕ್ಕಿಂತ ಕಾರಣ ದೊಡ್ಡದು. ಕಾರಣವನ್ನೇ ಕೇಳದೆ ಉತ್ತರಕ್ಕೆ ಮಾರ್ಕು ಕೊಟ್ಟರೆ ಅಲ್ಲಿ ಅಳೆಯುವುದು ಬುದ್ಧಿಯನ್ನಲ್ಲ, ಪ್ರಶ್ನೆ ಬರೆದವರ ಮನಸ್ಸನ್ನು ಊಹಿಸುವ ತಾಕತ್ತನ್ನು.

ನಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥವು ಬರುತ್ತಲೇ ಇರುತ್ತವೆ. ಹೆಚ್ಚಿನವು ಮಲಯಾಳದಲ್ಲಿ, ಕೆಳಗೆ "ಬುದ್ಧಿವಂತರಿಗೆ ಮಾತ್ರ" ಅನ್ನುವ ಸಾಲು. ಈ ಹಳೆಯದನ್ನು ನೀವೂ ನೋಡಿರುತ್ತೀರಿ:

1 + 4 = 5
2 + 5 = 12
3 + 6 = 21
8 + 11 = ?

ಭಾವ 40 ಅಂದರು. ಮೇಲಿನ ಸಾಲಿನ ಉತ್ತರವನ್ನೂ ಸೇರಿಸಿಕೊಂಡು ಕೂಡಿಸುತ್ತಾ ಬನ್ನಿ: 5 ಮತ್ತು 2 ಮತ್ತು 5 ಸೇರಿ 12. 12 ಮತ್ತು 3 ಮತ್ತು 6 ಸೇರಿ 21. ಹಾಗಾದರೆ 21 ಮತ್ತು 8 ಮತ್ತು 11 ಸೇರಿ 40. ಚಿಕ್ಕಪ್ಪ 96 ಅಂದರು. ಎರಡನ್ನೂ ಗುಣಿಸಿ, ಮೊದಲಿನದನ್ನು ಕೂಡಿಸಿ: 2 ಐದಲಿ 10, ಅದಕ್ಕೆ 2 ಸೇರಿದರೆ 12. 8 ಹನ್ನೊಂದಲಿ 88, ಅದಕ್ಕೆ 8 ಸೇರಿದರೆ 96. ಇಬ್ಬರೂ ಬಿಡಲಿಲ್ಲ. ಊಟದ ಹೊತ್ತು ದಾಟಿತು.

ಮಜಾ ಇರುವುದು ಇನ್ನು ಮೇಲೆ. 3 + 6 ಆದಮೇಲೆ ಒಮ್ಮೆಲೇ 8 + 11 ಯಾಕೆ ಬಂತು? ನಡುವೆ 4 + 7, 5 + 8, 6 + 9, 7 + 10 ಇರಬೇಕಿತ್ತಲ್ಲ? ಅವನ್ನು ತುಂಬಿಸಿ ಭಾವನ ಲೆಕ್ಕದಲ್ಲೇ ಮುಂದೆ ಹೋಗಿ. 21 ಆದಮೇಲೆ 32, 45, 60, 77. ಆಮೇಲೆ? 96! ಎರಡು ದಾರಿಯೂ ಒಂದೇ ಕಡೆ ಬಂದು ಸೇರಿತು. ಬಿಟ್ಟುಹೋದ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ ಬೇಡವಾ ಅನ್ನುವುದಷ್ಟೇ ಜಗಳ. ಅದನ್ನು ಪ್ರಶ್ನೆಯೇ ಹೇಳಿಲ್ಲ. ಗ್ರೂಪಿನಲ್ಲಿ ಇದನ್ನು ಬರೆದು ಹಾಕಿದೆ. ಭಾವ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ಚಿಕ್ಕಪ್ಪ "ನಾನು ಮೊದಲೇ ಹೇಳಿದ್ದೆನಲ್ಲ" ಅಂದರು. ಅವರು ಯಾವಾಗಲೂ ಹಾಗೆಯೇ.

"ಮುಂದಿನ ಸಂಖ್ಯೆ ಗ್ಯಾರಂಟಿ" ಅನ್ನುವವರಿಗೆ ಇನ್ನೊಂದು. 1, 2, 4, 8, 16. ಮುಂದೆ 32 ತಾನೇ? ಒಂದು ವೃತ್ತ ಬರೆಯಿರಿ. ಅಂಚಿನಲ್ಲಿ ಚುಕ್ಕಿ ಇಡಿ. ಪ್ರತಿ ಚುಕ್ಕಿಯನ್ನೂ ಉಳಿದ ಎಲ್ಲ ಚುಕ್ಕಿಗಳಿಗೆ ಗೆರೆ ಎಳೆದು ಸೇರಿಸಿ. ವೃತ್ತ ಹೆಚ್ಚೆಂದರೆ ಎಷ್ಟು ತುಂಡಾಗುತ್ತದೆ ಅಂತ ಎಣಿಸಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 31! ಎಷ್ಟು ಸಲ ಎಣಿಸಿದರೂ 32 ಆಗುವುದಿಲ್ಲ. ಕಣ್ಣಿಗೆ ಕಂಡ ಮಾದರಿ ಬೇರೆ, ಒಳಗಿರುವ ಕಾರಣ ಬೇರೆ. ಮಕ್ಕಳಿಗೆ ಇದನ್ನು ಕಾಗದದಲ್ಲಿ ಬರೆಸಿ ನೋಡಿ, ಆರನೇ ಚುಕ್ಕಿಯ ಹೊತ್ತಿಗೆ ಮುಖ ಹೇಗಾಗುತ್ತದೆ ಅಂತ.

ಹಾಗಂತ ಒಗಟೇ ಬೇಡ ಅನ್ನುತ್ತಿಲ್ಲ. ಒಳ್ಳೆಯ ಒಗಟಿಗೆ ಒಂದು ಗುಣ ಉಂಟು. ಉತ್ತರ ಕೇಳಿದ ಕೂಡಲೇ "ಅಯ್ಯೋ, ಹೌದಲ್ಲ!" ಅಂತ ಹಣೆ ಬಡಿದುಕೊಳ್ಳಬೇಕು. 8809 ಅಂದರೆ 6, 7111 ಅಂದರೆ 0, 6666 ಅಂದರೆ 4. ಹಾಗಾದರೆ 2581? ಕೂಡಿಸಿ, ಗುಣಿಸಿ ಸುಸ್ತಾಗುತ್ತೇವೆ. ಒಂದನೇ ಕ್ಲಾಸಿನ ಮಗುವಿಗೆ ಸಂಖ್ಯೆಯ ಒಳಗಿನ ತೂತು ಕಾಣುತ್ತದೆ. 8ರಲ್ಲಿ ಎರಡು, 0, 6, 9ರಲ್ಲಿ ಒಂದೊಂದು. ಉತ್ತರ 2. ಕಲಿತದ್ದು ಸ್ವಲ್ಪ ಹೊತ್ತು ಬದಿಗಿಟ್ಟರೆ ಮಾತ್ರ ಹೊಳೆಯುವಂಥದ್ದು ಇದು.

ಇನ್ನು ಕೆಲವು ಒಗಟುಗಳು ಜಾಣತನದ ವೇಷ ಹಾಕಿ ಬರುತ್ತವೆ. 8, 5, 4, 9, 1, 7, 6, 3, 2, 0. ಇದರ ಕ್ರಮ ಏನು? ಇಂಗ್ಲಿಷ್ ಹೆಸರುಗಳನ್ನು ಎ ಬಿ ಸಿ ಡಿ ಪ್ರಕಾರ ಜೋಡಿಸಿದ್ದು, ಅಷ್ಟೇ. ಏಯ್ಟ್, ಫೈವ್, ಫೋರ್, ನೈನ್, ಹೀಗೆ. ಒಗಟು ಚಂದವೇ. ಆದರೆ ಇಂಥದ್ದನ್ನು ಬುದ್ಧಿಶಕ್ತಿಯ ಪರೀಕ್ಷೆ ಅಂತ ಕಾಸರಗೋಡಿನ ಕನ್ನಡ ಮೀಡಿಯಂ ಮಗುವಿನ ಮುಂದೆ ಇಟ್ಟರೆ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಮೂರು ಭಾಷೆಯಲ್ಲಿ ಎಣಿಸುವ ಆ ಮಗುವಿಗೆ ಬುದ್ಧಿ ಕಡಿಮೆ ಅಂತ ನಾಲ್ಕನೆಯ ಭಾಷೆ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಎಂಟನೇ ಕ್ಲಾಸಿನವರ ಎನ್.ಎಂ.ಎಂ.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ ಭಾಗಕ್ಕೆ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡವರ ಮನೆಗೆ ಅದು ಸಣ್ಣ ದುಡ್ಡಲ್ಲ, ಹಾಗಾಗಿ ತಯಾರಿ ಬೇಕು. ಆದರೆ ನಿಮಿಷಕ್ಕೊಂದು ಉತ್ತರ ಗೀಚುವ ಅಭ್ಯಾಸವನ್ನೇ ಯೋಚನೆ ಅಂತ ಕರೆಯಬೇಡಿ. ಪರೀಕ್ಷೆಯ ಪೇಪರಿನಲ್ಲಿ ಕಾರಣ ಬರೆಯಲು ಜಾಗ ಇರುವುದಿಲ್ಲ, ಒಪ್ಪಿದೆ. ಕ್ಲಾಸಿನಲ್ಲಿ ಇದೆಯಲ್ಲ?

ನಮ್ಮ ಕಡೆ ಅಜ್ಜಿಯಂದಿರು ಹೇಳುತ್ತಿದ್ದ ಹೂವಿನ ಲೆಕ್ಕ ನೆನಪುಂಟಾ? ಮೂರು ದೇವಸ್ಥಾನ, ಪ್ರತಿಯೊಂದಕ್ಕೂ ಮೊದಲು ಒಂದೊಂದು ಕೆರೆ. ಕೆರೆಯಲ್ಲಿ ಅದ್ದಿದರೆ ಹೂವು ಎರಡು ಪಟ್ಟು ಆಗುತ್ತದೆ. ಪ್ರತಿ ದೇವರಿಗೂ ಒಂದೇ ಲೆಕ್ಕದ ಹೂವು ಹಾಕಬೇಕು, ಕೊನೆಗೆ ಕೈಯಲ್ಲಿ ಒಂದೂ ಉಳಿಯಬಾರದು. ನಮ್ಮಜ್ಜಿ ದೇವಸ್ಥಾನಗಳಿಗೆ ಮಧೂರು, ಅನಂತಪುರ, ಮುಜುಂಗಾವು ಅಂತ ಹೆಸರೂ ಕೊಡುತ್ತಿದ್ದರು. ಮುಂದಿನಿಂದ ಹೊರಟರೆ ತಲೆ ತಿರುಗುತ್ತದೆ. ಕೊನೆಯ ದೇವಸ್ಥಾನದಿಂದ ಹಿಂದೆ ಬಂದರೆ ಸಲೀಸು. ಏಳು ಹೂವು ತಂದು ಎಂಟೆಂಟು ಹಾಕಿದರಾಯಿತು. ಹದಿನಾಲ್ಕು ತಂದು ಹದಿನಾರು ಹಾಕಿದರೂ ಆಯಿತು! "ಇನ್ನೊಂದು ಉತ್ತರ ಉಂಟು ಅಜ್ಜೀ" ಅಂದರೆ ಅವರು ಬೈಯುತ್ತಿರಲಿಲ್ಲ. "ಹೇಗೆ, ಹೇಳು ನೋಡುವ" ಅನ್ನುತ್ತಿದ್ದರು.

ಸುಮ್ನೆ ಆಡಲು ಬೇಕಿದ್ದರೆ ಕಾಪ್ರೇಕರ್ ಸ್ಥಿರಾಂಕ ಇದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಇದನ್ನು 1949ರಲ್ಲಿ ಕಂಡುಕೊಂಡರು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಅದರಿಂದ ತಿರುಗಾಮುರುಗಾ ಮಾಡಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಏಳು ಸಲದ ಒಳಗೆ 6174 ಬಂದೇ ಬರುತ್ತದೆ, ಬಂದಮೇಲೆ ಅಲ್ಲೇ ನಿಲ್ಲುತ್ತದೆ.

1956 ಹಾಕಿ ನೋಡೋಣ. ಕಾಸರಗೋಡು ಕೇರಳಕ್ಕೆ ಸೇರಿದ ಆ ವರ್ಷವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 9651ರಿಂದ 1569 ಕಳೆದರೆ 8082. 8820ರಿಂದ 0288 ಕಳೆದರೆ 8532. ಅದರಿಂದ 2358 ಕಳೆದರೆ 6174. ಮೂರೇ ಹೆಜ್ಜೆ. ಕಾಸರಗೋಡು ಜಿಲ್ಲೆಯಾದ 1984 ಎರಡೇ ಹೆಜ್ಜೆಯಲ್ಲಿ ಮುಟ್ಟುತ್ತದೆ. ಮಂಜೇಶ್ವರ ಗೋವಿಂದ ಪೈಗಳು ಹುಟ್ಟಿದ 1883ಕ್ಕೆ ಐದು ಬೇಕು. ಇದರಲ್ಲಿ ಯಾವ ಗೂಢಾರ್ಥವೂ ಇಲ್ಲ ಮಾರಾಯ್ರೆ, ಜಾತಕದವರಿಗೆ ಫಾರ್ವರ್ಡ್ ಮಾಡಬೇಡಿ.

ಒಂದು ಒಗಟು ನನ್ನದೂ ಇರಲಿ. ಇದನ್ನು ಕನ್ನಡದಲ್ಲೇ ಯೋಚಿಸಬೇಕು, ಇಂಗ್ಲಿಷ್ ಮೀಡಿಯಂನವರು ಸ್ವಲ್ಪ ಬೆವರಲಿ. 2, 3, 2, 2, 2, 2, 2, 2, ಮುಂದೆ? ಕಾಗದದಲ್ಲಿ ಒಂದು, ಎರಡು ಅಂತ ಬರೆಯುತ್ತಾ ಹೋದರೆ ಸಿಗಬಹುದು. ಬರೀ ಸಂಖ್ಯೆ ಹಾಕಿ ಓಡಬೇಡಿ, ಕಾರಣವನ್ನೂ ಬರೆಯಿರಿ. ನನ್ನ ಉತ್ತರಕ್ಕಿಂತ ಬೇರೆಯದಾಗಿದ್ದು ಕಾರಣ ಗಟ್ಟಿ ಇದ್ದರೆ ಅದಕ್ಕೂ ಪೂರ್ತಿ ಮಾರ್ಕು. ಚಿಕ್ಕಪ್ಪ, ನೀವು ಮೊದಲೇ ಹೇಳಬೇಡಿ.