ಸತ್ಯಾಂಶ: ಮಾಸ್ಟರ್ ಸಿಲಿಂಡರ್ ದೊಡ್ಡದಾದರೆ ಬ್ರೇಕ್ ಬಿಗಿಯಾಗುತ್ತದೆಯೇ?

ಹಳೆಯ ಕಾರಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕುವವರಿಗೆ ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ: ದೊಡ್ಡ ಬೋರ್‌ನ (ಒಳವ್ಯಾಸದ) ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿತವನ್ನು ಬ್ರೇಕ್ ದ್ರವದ ಒತ್ತಡವಾಗಿಸುವ ಭಾಗ) ಹಾಕಿ, ಬ್ರೇಕ್ ಜೋರಾಗಿ ಹಿಡಿಯುತ್ತದೆ ಎಂದು. ಇದು ತಪ್ಪು. ನಂಬುವುದು ಸಹಜವೇ, ಏಕೆಂದರೆ ದೊಡ್ಡ ಬೋರ್‌ನಲ್ಲಿ ಪೆಡಲ್ ಗಟ್ಟಿಯಾಗಿ ಸಿಗುತ್ತದೆ. ಆದರೆ ಗಟ್ಟಿ ಪೆಡಲ್ ಬೇರೆ, ಒತ್ತಡ ಬೇರೆ.

ಲೆಕ್ಕ ನೀವೇ ಹಾಕಬಹುದು. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 22.2 ಮಿ.ಮೀ. ಬೋರ್ ತೆಗೆದು 25.4 ಹಾಕಿದರೆ, ಅದೇ ತುಳಿತಕ್ಕೆ ಒತ್ತಡ ಸುಮಾರು 23% ಇಳಿಯುತ್ತದೆ. ಹಾಗೆಂದು ತೀರಾ ಚಿಕ್ಕದೂ ಬೇಡ: ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೆ ಹೆಚ್ಚು ದ್ರವ ಬೇಕು, ಪೆಡಲ್ ನೆಲಕ್ಕೆ ತಾಗೀತು. ಕ್ಯಾಲಿಪರ್‌ನ ಬ್ಲೀಡರ್ (ಗಾಳಿ ಹೊರಬಿಡುವ ತಿರುಪು) ತೂತಿಗೆ ಪ್ರೆಶರ್ ಗೇಜ್ ಕೂರಿಸಿ ತುಳಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

‘ಹಳೆಯ ಡ್ರಮ್ ಬ್ರೇಕ್‌ನ ಮಾಸ್ಟರ್ ಸಿಲಿಂಡರೇ ಸಾಕು’ ಎಂಬ ಮಾತೂ ಓಡಾಡುತ್ತಿದೆ. ಅದು ಇನ್ನೂ ಅಪಾಯ. ಇಂಥ ಹಲವು ಸಿಲಿಂಡರ್‌ಗಳ ಒಳಗಿನ ವಾಲ್ವ್ ಪೆಡಲ್ ಬಿಟ್ಟ ಮೇಲೂ ಸುಮಾರು 10 ಪಿಎಸ್‌ಐ ಒತ್ತಡ ಉಳಿಸಿಕೊಳ್ಳುತ್ತದೆ; ಡಿಸ್ಕ್‌ನಲ್ಲಿ ಪ್ಯಾಡ್ ಸದಾ ಉಜ್ಜಿ ಬಿಸಿಯಾಗುತ್ತದೆ. ಪರೀಕ್ಷೆ ಸುಲಭ: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪೆಡಲ್ ತುಳಿದು ಬಿಟ್ಟು, ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೀಡರ್ ಕಾಲು ಸುತ್ತು ಸಡಿಲಿಸಿ. ದ್ರವ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಕಾರಣ ಆ ವಾಲ್ವ್, ಇಲ್ಲವೇ ತೀರಾ ಉದ್ದವಾದ ಪುಶ್‌ರಾಡ್ (ಪೆಡಲ್ ತುಳಿತವನ್ನು ಮಾಸ್ಟರ್ ಸಿಲಿಂಡರ್‌ಗೆ ಮುಟ್ಟಿಸುವ ಸಲಾಕೆ). ಬಿಡದಿದ್ದರೆ ಮೊದಲು ಕ್ಯಾಲಿಪರ್ ಪಿಸ್ಟನ್ ನೋಡಿ.