ಗದ್ದೆಯ ಹಳದಿ ಕಪ್ಪೆ ವಿಷದ ಕಪ್ಪೆಯಲ್ಲ

ಮಳೆ ಹಿಡಿದರೆ ಸಾಕು, ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಳದಿ ಕಪ್ಪೆಯ ಫೋಟೊ ಓಡಾಡುತ್ತದೆ. ವಿದೇಶಿ ವಿಷದ ಕಪ್ಪೆ ನಮ್ಮ ಕಪ್ಪೆಯೊಂದಿಗೆ ಬೆರೆತು ಹುಟ್ಟಿದ ತಳಿಯಂತೆ, ಮುಟ್ಟಿದರೆ ಸಾವಂತೆ. ಇದು ನಿಜವಲ್ಲ.

ಆ ವಿದೇಶಿ ವಿಷದ ಕಪ್ಪೆಗಳ, ಅಂದರೆ ಪಾಯ್ಸನ್ ಡಾರ್ಟ್ ಕಪ್ಪೆಗಳ ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡು. ಅವುಗಳಲ್ಲೇ ತೀರಾ ಹತ್ತಿರದ ಜಾತಿಗಳು ಬೆರೆಯುವುದುಂಟು. ನಮ್ಮ ಗದ್ದೆ ಕಪ್ಪೆಯದು ಬೇರೆಯೇ ಕುಟುಂಬ, ಬೆರಕೆ ಆಗುವುದಿಲ್ಲ. ಪಾಯ್ಸನ್ ಡಾರ್ಟ್ ಕಪ್ಪೆಗಳ ವಿಷವೂ ಹುಟ್ಟಿನಿಂದ ಬಂದದ್ದಲ್ಲ, ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ ಬಂದದ್ದು. ಮನೆಯಲ್ಲಿ ಸಾಕಿ ಬೇರೆ ಆಹಾರ ಕೊಟ್ಟರೆ ಆ ವಿಷ ಸೇರುವುದೇ ಇಲ್ಲ.

ಫೋಟೊದಲ್ಲಿರುವುದು ನಮ್ಮದೇ ದೊಡ್ಡ ಗದ್ದೆ ಕಪ್ಪೆಯ ಗಂಡು. ಹೆಣ್ಣನ್ನು ಕರೆಯುವ ಕಾಲದಲ್ಲಿ ಮೈ ಹಳದಿ, ಗಂಟಲ ಚೀಲ ನೀಲಿ. ಎಷ್ಟು ಚೆಂದ ಅಲ್ವಾ!

ಅನುಮಾನ ಬಂದರೆ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದೇ, ಎಲ್ಲಿಯದು ನೋಡಿ. ಆ ಜಾತಿ ಯಾವ ದೇಶದಲ್ಲಿದೆ ಎಂದೂ ಹುಡುಕಿ. ಹೆದರಿ ಕಲ್ಲು ಮಾತ್ರ ಎಸೆಯಬೇಡಿ.